ಸಹಾಯ ಬೇಕು: ಗೋಧಿ ಬಿಟ್ಟ ಮೇಲೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಪರೀಕ್ಷೆ ಮಾಡಿಸಿದವರು ಇದ್ದೀರಾ?

ನಮಸ್ಕಾರ. ನಾವು ಕಾಸರಗೋಡಿನ ಬದಿಯಡ್ಕ ಕಡೆಯವರು. ನನ್ನ ತಂಗಿಗೆ ಹಾಶಿಮೊಟೊ ಥೈರಾಯ್ಡ್ ಇದೆ. ಮಾತ್ರೆ ಸರಿಯಾಗಿ ತಗೊಳ್ಳುತ್ತಾಳೆ. ಆದರೂ ಹೊಟ್ಟೆ ಉಬ್ಬರ, ಭೇದಿ, ವಿಪರೀತ ಸುಸ್ತು. ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ.

ಯಾರೋ ಹೇಳಿದರೆಂದು ಚಪಾತಿ, ಪರೋಟ, ಬ್ರೆಡ್ಡು ಬಿಟ್ಟಳು. ಕುಚ್ಚಿಲಕ್ಕಿ ಗಂಜಿ, ನೀರುದೋಸೆ ಇರುವ ಊರಲ್ಲಿ ಅದೇನು ದೊಡ್ಡ ಕಷ್ಟವಲ್ಲ ಬಿಡಿ. ಹೊಟ್ಟೆ ಸುಮಾರು ಸರಿಹೋಯಿತು. ಆದರೆ ಸಾಂಬಾರು ಉಂಡ ದಿನ ಮತ್ತೆ ಅದೇ ಗೋಳು. ಇಂಗಿನ ಡಬ್ಬಿ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು!

ಆಮೇಲೆ ಮಂಗಳೂರಿನಲ್ಲಿ ಸೀಲಿಯಾಕ್ ಪತ್ತೆಗೆಂದು ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ ಮಾಡಿಸಿದೆವು. ನೆಗೆಟಿವ್. ಒಬ್ಬ ಡಾಕ್ಟರು ಸೀಲಿಯಾಕ್ ಅಲ್ಲವೇ ಅಲ್ಲ ಎಂದರು. ಇನ್ನೊಬ್ಬರು ಹೇಳಿದ್ದು ಬೇರೆ: ಗೋಧಿ ಬಿಟ್ಟವರಲ್ಲಿ ಈ ಪರೀಕ್ಷೆ ಕಾಯಿಲೆ ಇದ್ದರೂ ನೆಗೆಟಿವ್ ತೋರಿಸಬಹುದು. ಸೀಲಿಯಾಕ್ ಕೂಡ ಹಾಶಿಮೊಟೊ ತರಹವೇ ಆಟೋಇಮ್ಯೂನ್ ಕಾಯಿಲೆ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ದಾಳಿ ಮಾಡುವುದು), ಒಂದಿದ್ದವರಿಗೆ ಇನ್ನೊಂದು ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ 6ರಿಂದ 8 ವಾರ ದಿನಾ ಗೋಧಿ ತಿಂದು ಮತ್ತೆ ರಕ್ತಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಮಾಡಿಸಿ ಎಂದರು. ತಂಗಿ ಗೋಧಿ ಎಂದರೇ ಹೆದರುತ್ತಾಳೆ.

ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್ ಪರೀಕ್ಷೆಗೆ ಗೋಧಿ ತಿನ್ನಬೇಕಾಗಿಲ್ಲವಂತೆ. ನೆಗೆಟಿವ್ ಬಂದರೆ ಸೀಲಿಯಾಕ್ ಹೆಚ್ಚುಕಡಿಮೆ ಇಲ್ಲವೆನ್ನಬಹುದು. ಪಾಸಿಟಿವ್ ಬಂದರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ, ಅಲ್ವಾ?

ಇದೇ ದಾರಿಯಲ್ಲಿ ಹೋದವರು ಹೇಳಿ: ಮೊದಲು ಜೀನ್ ಪರೀಕ್ಷೆ ಮಾಡಿಸಿದಿರಾ, ಇಲ್ಲ ನೇರವಾಗಿ ಗೋಧಿ ತಿಂದು ಪರೀಕ್ಷೆಗೆ ಹೋದಿರಾ? ತಿಂದಿದ್ದರೆ ದಿನಕ್ಕೆ ಎಷ್ಟು ತಿನ್ನಲು ಹೇಳಿದ್ದರು?