ಚಕಮಕಿ ಕೋವಿ: ಬಟ್ಟಲಲ್ಲಿ ಬೆಂಕಿ ಹೊತ್ತುತ್ತದೆ, ಈಡು ಹಾರುವುದಿಲ್ಲ

ಪ್ರಶ್ನೆ

ನಮ್ಮ ಊರು ಕೊಡಗು, ಈಗಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಯ ಜಿಂಕೆ ಬೇಟೆಗೆ ಪ್ರತ್ಯೇಕ ಅವಧಿ ಇದೆ. 1974ರಲ್ಲಿ ಶುರುವಾದದ್ದು. ಬಾಯಿಯಿಂದ ತುಂಬುವ ಕೋವಿಯಾದರೂ ಪೆಟ್ಟಿಗೆ ಸಿಡಿಯುವ ಕೇಪಿನದು ಆಗದು, ಕಲ್ಲು ಉಕ್ಕಿಗೆ ಬಡಿದೇ ಕಿಡಿ ಹಾರಬೇಕು. ಮೂರು ವರ್ಷಗಳಿಂದ ನಾನೂ ಮಗಳೂ ಹೋಗುತ್ತಿದ್ದೇವೆ. ಅವಳಿಗೆ ಈಗ 26. ಇಬ್ಬರದೂ 50 ಕ್ಯಾಲಿಬರ್, ಬಟ್ಟೆಯ ತುಂಡಿನಲ್ಲಿ ಕೂರಿಸಿದ ಸೀಸದ ಗುಂಡು, 70 ಗ್ರೇನ್ ಕರಿಮದ್ದು. ನನ್ನದು ಹಳೆಯ ಕೋವಿ, ಅವಳದು ಈ ವರ್ಷ ಕೊಂಡ ಹೊಸದು.

ಮೊನ್ನೆ ಶನಿವಾರ ಹೆಮ್‌ಲಾಕ್ ಮರಗಳ ಕೆಳಗೆ, ನಲವತ್ತು ಗಜ ದೂರದಲ್ಲಿ ಒಂದು ಹೆಣ್ಣು ಜಿಂಕೆ ಅಡ್ಡಲಾಗಿ ನಿಂತಿತ್ತು. ಮಗಳು ಗುರಿಯಿಟ್ಟು ಟ್ರಿಗರ್ ಎಳೆದಳು. ನಳಿಗೆಯ ಹೊರಬದಿಯ ಪುಟ್ಟ ಬಟ್ಟಲಿನಲ್ಲಿ ಕಿಡಿ ಬೀಳುವ ಮದ್ದು ಭಗ್ಗೆಂದು ಹೊತ್ತಿತು, ಅಷ್ಟೇ. ನಳಿಗೆಯೊಳಗಿನ ಈಡು ಹಾರಲಿಲ್ಲ. ಜಿಂಕೆ ತಲೆಯೆತ್ತಿ ಹೊಗೆಯತ್ತ ನೋಡಿ, ಬಿಳಿ ಬಾಲ ನಿಮಿರಿಸಿಕೊಂಡು ಇಳಿಜಾರಿನಲ್ಲಿ ಮರೆಯಾಯಿತು. ಈಡು ತಡವಾಗಿ ಹಾರಬಹುದೆಂದು ಮಗಳು ಕೋವಿಯನ್ನು ಅದೇ ದಿಕ್ಕಿಗೆ ಹಿಡಿದು ಪೂರ್ತಿ ಒಂದು ನಿಮಿಷ ಅಲುಗಾಡದೆ ನಿಂತಳು. ಕಲಿಸಿದ್ದನ್ನು ಅವಳು ಮರೆತಿರಲಿಲ್ಲ. ಆ ಮುಖ ನೋಡಿ ನನಗೆ ಸಂಕಟವಾಯಿತು.

ಮದ್ದು ಹೊಸ ಡಬ್ಬಿಯದು, ಕಲ್ಲು ಚೂಪಾಗಿದೆ. ಎರಡೂ ಕೋವಿಗಳನ್ನು ಹಿಂದಿನ ವಾರ ನಾನೇ ತೊಳೆದು, ಎಣ್ಣೆ ಹಾಕಿ ನಿಲ್ಲಿಸಿದ್ದೆ. ನನ್ನದು ಹಾರುತ್ತದೆ, ಅವಳದು ಏಕೆ ಹಾರುವುದಿಲ್ಲ?

ಮೊದಲ ಉತ್ತರ

ಬಟ್ಟಲಿಗೆ ಎಷ್ಟು ಮದ್ದು ಹಾಕುತ್ತೀರಿ? ನಳಿಗೆಯ ಪಕ್ಕದ ಕಿಂಡಿ ಮುಚ್ಚುವಷ್ಟು ತುಂಬಿದರೆ ಅದು ಬತ್ತಿಯಂತೆ ಸುರ್ರೆಂದು ಉರಿದು ಒಳಗೆ ಹೋಗಬೇಕಾಗುತ್ತದೆ. ಕಿಂಡಿಯ ಕೆಳ ಅಂಚಿಗಿಂತ ತುಸು ಕೆಳಗೇ ನಿಲ್ಲಿಸಿ. ಒಳಕ್ಕೆ ಹಾರಬೇಕಾದದ್ದು ಜ್ವಾಲೆ. ಹಿಮ ಬೀಳುತ್ತಿದ್ದರೆ ಬಟ್ಟಲಿನ ಮದ್ದನ್ನು ಆಗಾಗ ಒರೆಸಿ ಹೊಸದು ಹಾಕಿ, ತೇವ ಹೀರಿದರೆ ಅದು ಕೆಸರಾಗುತ್ತದೆ.

ಪ್ರಶ್ನಿಸಿದವರು

ತಡವಾಗಿ ಹಾರಿದ್ದಲ್ಲ, ಹಾರಲೇ ಇಲ್ಲ. ಕಿಂಡಿಗೆ ತಂತಿ ತೂರಿಸಿ, ಹೊಸ ಮದ್ದು ಹಾಕಿ ಇನ್ನೂ ಎರಡು ಸಲ ನೋಡಿದೆವು, ಹಾಗೆಯೇ ಆಯಿತು. ಕೊನೆಗೆ ಕಾರ್ಬನ್ ಡೈಆಕ್ಸೈಡ್ ಒತ್ತಡದ ಸಾಧನ ಹಚ್ಚಿ ಈಡನ್ನು ಹೊರಗೆ ತಳ್ಳಿದೆವು. ಹೊರಬಂದ ಮದ್ದಿನಲ್ಲಿ ಸ್ವಲ್ಪ ಭಾಗ ಕಪ್ಪು ಮುದ್ದೆಯಾಗಿತ್ತು. ಬೆರಳಲ್ಲಿ ಉಜ್ಜಿದರೆ ಜಿಡ್ಡು.

ಎರಡನೇ ಉತ್ತರ

ಆ ಜಿಡ್ಡೇ ನಿಮ್ಮ ಉತ್ತರ. ಎಣ್ಣೆ ಕುಡಿದ ಮದ್ದಿಗೆ ಬೆಂಕಿ ಹತ್ತುವುದಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಹಲವು ಕೋವಿಗಳಲ್ಲಿ ನಳಿಗೆಯ ತಳ ಇದ್ದಕ್ಕಿದ್ದಂತೆ ಕಿರಿದಾಗಿ ಒಂದು ಸಣ್ಣ ಗೂಡಾಗುತ್ತದೆ. ಗಜದ, ಅಂದರೆ ನಳಿಗೆಯೊಳಗೆ ಇಳಿಸುವ ಕೋಲಿನ, ತುದಿಗೆ ಸಿಕ್ಕಿಸಿದ ಬಟ್ಟೆ ಅದರ ಬಾಯಿಗೇ ತಡೆದು ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ. ಬಟ್ಟೆ ಶುಭ್ರವಾಗಿ ಬರುವುದನ್ನು ನೋಡಿ ಸ್ವಚ್ಛವಾಯಿತೆಂದು ನಾವು ನಂಬುತ್ತೇವೆ. ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ನಳಿಗೆಗೆ ಸವರಿದ ಎಣ್ಣೆಯೆಲ್ಲ ಇಳಿದು ಆ ಗೂಡಿನಲ್ಲಿ ಸೇರುತ್ತದೆ. ನಿಮ್ಮ ಹಳೆಯದರ ತಳ ಚಪ್ಪಟೆ ಇರಬೇಕು, ಬಟ್ಟೆ ತಳ ಮುಟ್ಟುತ್ತದೆ. ವ್ಯತ್ಯಾಸ ಅಲ್ಲಿದೆ.

ಕೊಡಗಿನವರೆಂದು ಬರೆದಿದ್ದೀರಿ, ಆದ್ದರಿಂದ ಇನ್ನೊಂದು ಮಾತು. ನಮ್ಮ ಮಳೆಗೆ ಕೋವಿಗೆ ಧಾರಾಳವಾಗಿ ಎಣ್ಣೆ ಹಾಕದಿದ್ದರೆ ತುಕ್ಕು ಹಿಡಿಯುತ್ತದೆ, ಆ ಅಭ್ಯಾಸ ಸರಿಯೇ. ಆದರೆ ಕೇಪಿನ ಕೋವಿಯಲ್ಲಿ ಈಡು ತುಂಬುವ ಮುಂಚೆ ಬರಿದೇ ಒಂದೆರಡು ಕೇಪು ಹೊಡೆದರೆ ಅದರ ಉರಿ ಒಳಗೆ ನುಗ್ಗಿ ತಳದ ಎಣ್ಣೆಯನ್ನು ಸುಟ್ಟು ಒಣಗಿಸುತ್ತದೆ. ಚಕಮಕಿಯಲ್ಲಿ ಆ ಅನುಕೂಲವಿಲ್ಲ. ಬಟ್ಟಲಿನ ಬೆಂಕಿ ಬಹುಪಾಲು ಹೊರಗೇ ಹೊತ್ತಿ ಆರುತ್ತದೆ. ಎಣ್ಣೆಯನ್ನು ಕೈಯಿಂದಲೇ ತೆಗೆಯಬೇಕು.

ಕೋವಿ ಖಾಲಿಯಿದೆಯೆಂದು ಗಜ ಇಳಿಸಿ, ಅಳತೆ ನೋಡಿ ಖಚಿತಪಡಿಸಿಕೊಳ್ಳಿ. ಆಮೇಲೆ 22 ಕ್ಯಾಲಿಬರ್ ಬ್ರಷ್‌ಗೆ ತೆಳು ಬಟ್ಟೆ ಸುತ್ತಿ, ಆಲ್ಕೊಹಾಲ್‌ನಲ್ಲಿ ಅದ್ದಿ ಗೂಡಿನ ತಳಕ್ಕೆ ಮುಟ್ಟಿಸಿ ತಿರುಗಿಸಿ. ಒಣ ಬಟ್ಟೆ ಒಣದಾಗಿಯೇ ವಾಪಸು ಬರುವ ತನಕ ಬಿಡಬೇಡಿ. ಕಿಂಡಿಯನ್ನೂ ಒರೆಸಿ. ಎಣ್ಣೆ ಹಾಕಿದ ಮೇಲೆ ಒಂದು ರಾತ್ರಿ ಬಾಯಿ ಕೆಳಗೆ ಮಾಡಿ ಇಡಿ, ಬೇಟೆಯ ಬೆಳಗ್ಗೆ ಮತ್ತೊಮ್ಮೆ ಒಣಗಿಸಿ. ಈಡು ತುಂಬುವಾಗ ಬಟ್ಟಲು ಖಾಲಿ ಇರಲಿ, ಕಲ್ಲು ಕಚ್ಚಿ ಹಿಡಿದ ಕುದುರೆ ಇಳಿದಿರಲಿ, ಕಿಂಡಿಯಲ್ಲಿ ಕೋಳಿ ಗರಿಯ ದಂಟು ಸಿಕ್ಕಿಸಿ. ಆಮೇಲೆ ಅದನ್ನು ಎಳೆದರೆ ಮದ್ದಿನೊಳಕ್ಕೆ ಜ್ವಾಲೆಗೆ ದಾರಿ ಸಿದ್ಧವಾಗಿರುತ್ತದೆ. ಬಿಡಾರಕ್ಕೆ ಹೋಗಿ ಬರುವಾಗ ಕೋವಿಯನ್ನು ಬೆಂಕಿಯ ಬಳಿ ತರಬೇಡಿ. ಚಳಿಯಿಂದ ಬೆಚ್ಚಗಿನ ಜಾಗಕ್ಕೆ ಬಂದ ಉಕ್ಕು ಒಳಗೂ ಹೊರಗೂ ಬೆವರುತ್ತದೆ.

ಪ್ರಶ್ನಿಸಿದವರು, ಎರಡು ವಾರದ ನಂತರ

ನೀವು ಹೇಳಿದ್ದು ಅಕ್ಷರಶಃ ನಿಜ. ಮೊದಲ ಬಟ್ಟೆ ಗೂಡಿನಿಂದ ಕಾಫಿ ಗಸಿಯಂಥ ಕಂದು ಜಿಡ್ಡು ಹೊತ್ತು ತಂದಿತು. ಹನ್ನೊಂದನೆಯದು ಒಣದಾಗಿ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಊರಿನಲ್ಲಿ ಬೇಟೆ ಇಲ್ಲ. ನಾನು ಕೇಪಿನ ಕೋವಿ ಹಿಡಿದದ್ದು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡಲು. ಆಗ ಅಪ್ಪ ಬರಿದೇ ಎರಡು ಕೇಪು ಹೊಡೆಯುತ್ತಿದ್ದುದನ್ನು ಶಾಸ್ತ್ರವೆಂದು ತಿಳಿದಿದ್ದೆ. ನಲವತ್ತು ವರ್ಷಗಳ ನಂತರ ಅದರ ಕಾರಣ ತಿಳಿಯಿತು.

ಗುರಿ ಅಭ್ಯಾಸದ ಜಾಗದಲ್ಲಿ ಮಗಳು ಹನ್ನೆರಡು ಈಡು ಹೊಡೆದಳು, ಹನ್ನೆರಡೂ ಹಾರಿದವು. ಅವಧಿ ಮುಗಿಯುವ ಮುನ್ನಾದಿನ ಅದೇ ಇಳಿಜಾರಿನಲ್ಲಿ ಅವಳಿಗೆ ಜಿಂಕೆ ಸಿಕ್ಕಿತು, ಒಂದೇ ಈಡಿಗೆ. ನಾನು ಪಕ್ಕದಲ್ಲೇ ಇದ್ದೆ. ಬಟ್ಟಲಿನ ಬೆಂಕಿಯೂ ನಳಿಗೆಯ ಸದ್ದೂ ಒಟ್ಟಿಗೇ ಬಂದವು, ನಡುವೆ ಉಸಿರಿನಷ್ಟೂ ಬಿಡುವಿರಲಿಲ್ಲ. ತೊಡೆಯ ಮಾಂಸಕ್ಕೆ ಊರಿನ ಕಾಚಂಪುಳಿ ಹಾಕಿ ಬೇಯಿಸಿದೆವು. ಊಟ ಮುಗಿದ ಮೇಲೆ ಅವಳು, “ಅಪ್ಪ, ಇನ್ನು ನನ್ನ ಕೋವಿಯನ್ನು ನಾನೇ ತೊಳೆಯುತ್ತೇನೆ” ಎಂದಳು. ಬ್ರಷ್ಷನ್ನೂ ಬಟ್ಟೆಯ ಪೊಟ್ಟಣವನ್ನೂ ಅವಳ ಕೈಗೆ ಕೊಟ್ಟೆ.