ಪ್ರಶ್ನೋತ್ತರ: ಕಲಾಶಾಲೆಯ ಪ್ರವೇಶಕ್ಕೆ ಪೋರ್ಟ್‌ಫೋಲಿಯೋ, ಏನಿರಲಿ, ಏನು ಬೇಡ?

ಪ್ರಶ್ನೆ: ನಮಸ್ತೆ ಮೇಡಂ. ಫೈನ್ ಆರ್ಟ್ಸ್ ಡಿಗ್ರಿಗೆ ಅರ್ಜಿ ಹಾಕಬೇಕೆಂದಿದ್ದೇನೆ. 15 ಚಿತ್ರಗಳ ಪೋರ್ಟ್‌ಫೋಲಿಯೋ ಕೇಳಿದ್ದಾರೆ. ನನ್ನ ಹತ್ತಿರ ಇರುವುದು ಹೆಚ್ಚಾಗಿ ನಟನಟಿಯರ ಪೆನ್ಸಿಲ್ ಪೋರ್ಟ್ರೇಟ್‌ಗಳು. ಫೋನಿನಲ್ಲಿ ಫೋಟೋ ಇಟ್ಟುಕೊಂಡು, ಗ್ರಿಡ್ (ಚೌಕಗಳ ಗೆರೆ) ಹಾಕಿ ಬಿಡಿಸಿದ್ದು. ನೋಡಿದವರೆಲ್ಲ ಥೇಟ್ ಫೋಟೋ ಥರಾನೇ ಇದೆ ಅಂತಾರೆ. ಇವನ್ನೇ ಕಳಿಸಿದರೆ ಸಾಕಾ? ಇನ್ನು ಮೂರು ತಿಂಗಳು ಸಮಯ ಇದೆ.

ಉತ್ತರ: ಸಾಲದು. ಕೈ ಚೆನ್ನಾಗಿ ಪಳಗಿದೆ ಅನ್ನುವುದು ಇವುಗಳಿಂದ ಗೊತ್ತಾಗುತ್ತದೆ, ಅಷ್ಟೇ. ಆಯ್ಕೆಗೆ ಕೂತ ನಮ್ಮಂಥವರಿಗೆ ಬೇಕಾದದ್ದು ನಿಮ್ಮ ಕಣ್ಣು. ಫೋಟೋದಲ್ಲಿ ಯಾವುದು ಚೌಕಟ್ಟಿನೊಳಗೆ ಇರಬೇಕು, ಬೆಳಕು ಎಲ್ಲಿಂದ ಬೀಳಬೇಕು, ಎಷ್ಟು ಹತ್ತಿರದಿಂದ ನೋಡಬೇಕು ಎಂದು ತೀರ್ಮಾನಿಸಿದವರು ಫೋಟೋ ತೆಗೆದವರು. ನಿಮ್ಮ ಪಾಲಿಗೆ ಉಳಿದದ್ದು ಶೇಡಿಂಗ್ ಮಾತ್ರ. ಅಂಥ ಪೋರ್ಟ್ರೇಟ್‌ಗಳಲ್ಲಿ ತುಂಬ ಚೆನ್ನಾಗಿರುವ ಒಂದನ್ನು ಬೇಕಾದರೆ ಇಟ್ಟುಕೊಳ್ಳಿ. ಉಳಿದ ಜಾಗವನ್ನು ಕಣ್ಣೆದುರಿಗಿನ ವಸ್ತು, ಮನುಷ್ಯರು, ಜಾಗಗಳನ್ನು ನೇರವಾಗಿ ನೋಡಿ ಬರೆದ ಚಿತ್ರಗಳಿಗೆ ಬಿಡಿ. ಮೂರು ತಿಂಗಳು ಅದಕ್ಕೆ ಧಾರಾಳ ಸಾಕು, ಇವತ್ತೇ ಶುರು ಮಾಡಿದರೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಕೇಳ್ತೀನಿ ಅಂತ ಬೇಜಾರಾಗಬೇಡಿ ಮೇಡಂ. ಫೋಟೋ ನೋಡಿ ಬಿಡಿಸಿದ್ದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?

ಉತ್ತರ: ಬೇಜಾರೇನಿಲ್ಲ, ಎಲ್ಲರೂ ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆ ಇದು. ಮೊದಲು ನೆರಳು ನೋಡುತ್ತೇವೆ. ಬೆಳಕಿರುವ ಕಡೆಗೆ ಕ್ಯಾಮೆರಾ ಹೊಂದಿಕೊಂಡರೆ ಕತ್ತಲಿರುವ ಕಡೆ ಬರೀ ಕಪ್ಪು ಉಳಿಯುತ್ತದೆ. ಎದುರಿಗೆ ಕೂತ ಮನುಷ್ಯನ ಗಲ್ಲದ ಕೆಳಗಿನ ನೆರಳನ್ನು ದಿಟ್ಟಿಸಿ ನೋಡಿ, ಅಲ್ಲಿ ಅಂಗಿಯಿಂದ ಪುಟಿದ ಬೆಳಕು ಮಂದವಾಗಿ ಕಾಣುತ್ತದೆ. ಅದನ್ನು ಕಂಡವರ ಚಿತ್ರದಲ್ಲಿ ಗಲ್ಲ ದುಂಡಗೆ ತಿರುಗುತ್ತದೆ, ಕಾಣದವರ ಚಿತ್ರದಲ್ಲಿ ಕತ್ತರಿಸಿ ಅಂಟಿಸಿದ ಹಾಗಿರುತ್ತದೆ. ಎರಡನೆಯದು ಪ್ರಮಾಣ. ಮುಖಕ್ಕೆ ತೀರಾ ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದಪ್ಪವಾಗಿ ಕಿವಿಗಳು ಹಿಂದಕ್ಕೆ ಸರಿದಿರುತ್ತವೆ. ಅದು ಹಾಗೆಹಾಗೆಯೇ ಕಾಗದಕ್ಕೆ ಇಳಿದಿರುತ್ತದೆ. ಇನ್ನು ಗೆರೆ: ಗ್ರಿಡ್ ಹಾಕಿ ಬರೆದ ಗೆರೆಗೆ ಅನುಮಾನವೇ ಇರುವುದಿಲ್ಲ, ಎಲ್ಲ ಅಂಚೂ ಒಂದೇ ಸಮ ಚೂಪು. ನೋಡಿ ಬರೆಯುವವರು ಭುಜ ಇಲ್ಲಿದೆಯಾ, ಇನ್ನೊಂಚೂರು ಕೆಳಗಾ ಅಂತ ತಡಕಾಡಿರುತ್ತಾರೆ. ಆ ತಡಕಾಟದ ತೆಳು ಗೆರೆಗಳನ್ನು ದಯವಿಟ್ಟು ರಬ್ಬರ್ ಹಾಕಿ ಅಳಿಸಬೇಡಿ, ನಾವು ಆಸೆಯಿಂದ ನೋಡುವುದೇ ಅವನ್ನು.

ಇಷ್ಟಾಗಿಯೂ ಯಾರಾದರೂ ನಮ್ಮ ಕಣ್ಣು ತಪ್ಪಿಸಬಹುದು. ಸಂದರ್ಶನದಲ್ಲಿ ಒಂದು ಪೆನ್ಸಿಲ್ ಕೊಟ್ಟು ಎದುರಿಗಿರುವ ಕುರ್ಚಿ ಬರೆಯಿರಿ ಅಂದರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಸರಿ ಮೇಡಂ, ಕಣ್ಣೆದುರಿಗಿನದು ಅಂದರೆ ಏನು ಬರೀಲಿ? ನಮ್ಮನೇಲಿ ಬರೆಯೋ ಅಂಥದ್ದೇನೂ ಇಲ್ಲ. ಮಾಡೆಲ್ ಎಲ್ಲಿಂದ ತರೋದು?

ಉತ್ತರ: ಜರ್ಮನಿಯ ಕಲಾವಿದ ಡ್ಯೂರರ್ 1503ರಲ್ಲಿ ಜಲವರ್ಣದಲ್ಲಿ ಬರೆದದ್ದು ಬರೀ ಕಳೆ ಬೆಳೆದ ಒಂದು ಹುಲ್ಲಿನ ಹೆಂಟೆ. ಇಟಲಿಯ ಕಲಾವಿದ ಮೊರಾಂಡಿ ದಶಕಗಟ್ಟಲೆ ಅವೇ ಸೀಸೆ, ಹೂಜಿ, ಡಬ್ಬಿಗಳನ್ನು ಹಿಂದೆ ಮುಂದೆ ಜರುಗಿಸಿ ಬರೆದ. ಮಾಡೆಲ್‌ಗೆ ಕೊಡಲು ದುಡ್ಡಿಲ್ಲದ ವ್ಯಾನ್ ಗೋ ಪ್ಯಾರಿಸ್‌ನಲ್ಲಿದ್ದಾಗ, 1886ರಿಂದ 88ರವರೆಗೆ, ಕನ್ನಡಿ ಇಟ್ಟುಕೊಂಡು ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದ. ನಿಮ್ಮ ಎಡಗೈ ಯಾವಾಗಲೂ ಜೊತೆಗೇ ಇರುವ ಮಾಡೆಲ್. ಬಿಚ್ಚಿಟ್ಟ ಚಪ್ಪಲಿ, ಕುರ್ಚಿಯ ಮೇಲೆ ಎಸೆದ ಬಟ್ಟೆಯ ಮಡಿಕೆ, ಅರ್ಧ ತೆರೆದ ಬಾಗಿಲಿನಾಚೆಯ ಕೋಣೆ, ಎಲ್ಲವೂ ಆಗುತ್ತವೆ. ಕುರ್ಚಿ ಬರೆಯುವಾಗ ಕಾಲುಗಳನ್ನು ಬಿಟ್ಟು ಕಾಲುಗಳ ನಡುವಿನ ಖಾಲಿ ಜಾಗದ ಆಕಾರವನ್ನು ಬರೆದು ನೋಡಿ. ಕುರ್ಚಿ ಹೀಗಿರುತ್ತದೆ ಎಂದು ತಲೆಯಲ್ಲಿ ಕೂತಿರುವ ಚಿತ್ರ ಆಗ ಅಡ್ಡ ಬರುವುದಿಲ್ಲ.

ಮನೆಯವರು ಟಿವಿ ನೋಡುತ್ತಿರುವಾಗ, ನಿದ್ದೆ ಮಾಡುವಾಗ ಬರೆಯಿರಿ. ಅಲುಗಾಡುವವರನ್ನು ಒಂದೆರಡು ನಿಮಿಷದಲ್ಲಿ ಹಿಡಿಯಿರಿ. ಮುಖದ ಚಹರೆ ಬೇಡ, ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಎತ್ತ ಬಾಗಿದೆ ಅಷ್ಟು ಸಾಕು. ಕೆಲವನ್ನಾದರೂ ಎ2 ಅಳತೆಯಲ್ಲಿ, ಅಂದರೆ 420 × 594 ಮಿ.ಮೀ. ಹಾಳೆಯಲ್ಲಿ, ಚಾರ್ಕೋಲ್ (ಇದ್ದಿಲ ಕಡ್ಡಿ) ಹಿಡಿದು ನಿಂತುಕೊಂಡು ಬರೆಯಿರಿ. ಸಣ್ಣ ಹಾಳೆಯಲ್ಲಿ ಮಣಿಕಟ್ಟು ಮಾತ್ರ ಓಡಾಡುತ್ತದೆ, ದೊಡ್ಡದರಲ್ಲಿ ಭುಜದಿಂದ ಗೆರೆ ಬರುತ್ತದೆ.

ಪ್ರಶ್ನೆ (ಇನ್ನೊಬ್ಬರು): ನನ್ನ ಮಗನೂ ಇದೇ ವರ್ಷ ಅರ್ಜಿ ಹಾಕುತ್ತಿದ್ದಾನೆ. ಸ್ಕೆಚ್‌ಬುಕ್ ಕೂಡ ತರಬೇಕಂತೆ. ಅವನದು ತೀರಾ ಗಲೀಜಾಗಿದೆ, ಪುಟದ ತುಂಬ ಗೀಚು, ಪಕ್ಕದಲ್ಲಿ ಏನೇನೋ ಬರಹ. ಹೊಸ ಪುಸ್ತಕದಲ್ಲಿ ನೀಟಾಗಿ ಬರೆಸಿ ಕೊಡೋಣ ಅಂತಿದ್ದೇನೆ.

ಉತ್ತರ: ಬೇಡ ಸರ್, ಖಂಡಿತ ಬೇಡ. ಆ ಹಳೆಯ ಪುಸ್ತಕವನ್ನು ಹಾಗೇ ಕಳಿಸಿ. ಒಂದೇ ವಿಷಯವನ್ನು ಅವನು ನಾಲ್ಕು ಥರ ಯೋಚಿಸಿದ್ದು, ಸರಿಬರದೆ ಬಿಟ್ಟದ್ದು, ಆಮೇಲೆ ಮತ್ತೆ ಎತ್ತಿಕೊಂಡದ್ದು ಅಲ್ಲೇ ಇರುತ್ತದೆ. ದೊಡ್ಡ ಚಿತ್ರ ಹುಟ್ಟಿದ ಪುಟಗಳಿಗೆ ಒಂದು ಚೀಟಿ ಸಿಕ್ಕಿಸಿ ಇಟ್ಟರೆ ನಮಗೆ ಹುಡುಕಲು ಸುಲಭ. ನೀಟು ಮಾಡಿಸಿದ ಸ್ಕೆಚ್‌ಬುಕ್ ಪರೀಕ್ಷೆಯ ಹಿಂದಿನ ರಾತ್ರಿ ಬರೆದು ಮುಗಿಸಿದ ನೋಟ್ಸಿನ ಹಾಗೆ, ಎರಡು ಪುಟ ತಿರುವಿದರೆ ತಿಳಿಯುತ್ತದೆ.

ಪ್ರಶ್ನೆ: ಡಿಜಿಟಲ್ ಚಿತ್ರ ಇಡಬಹುದಾ? ಎಐ ಬಳಸಿದ್ದು? ದೊಡ್ಡ ಕಲಾವಿದರ ಚಿತ್ರ ನೋಡಿ ಮಾಡಿದ ಕಾಪಿ?

ಉತ್ತರ: ಡಿಜಿಟಲ್ ಇಡಬಹುದು, ಆದರೆ ಬರೀ ಅದೇ ಬೇಡ. ಎಐ ಮಾಡಿಕೊಟ್ಟ ಚಿತ್ರವನ್ನು ನನ್ನದು ಎನ್ನಬಾರದು. ಎಲ್ಲಾದರೂ ನೆರವು ತೆಗೆದುಕೊಂಡಿದ್ದರೆ ಶಾಲೆಯ ನಿಯಮ ಓದಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಕಾಪಿ ಒಂದಿದ್ದರೆ ತಪ್ಪಿಲ್ಲ, ರೂಬೆನ್ಸ್‌ನಂಥವನೇ ಟಿಷಿಯನ್‌ನ ಚಿತ್ರಗಳನ್ನು ಕಾಪಿ ಮಾಡಿ ಕಲಿತವನು. ಯಾರ ಕೃತಿ ನೋಡಿ ಮಾಡಿದ ಅಭ್ಯಾಸ ಎಂದು ಕೆಳಗೆ ಸ್ಪಷ್ಟವಾಗಿರಲಿ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿ): ಕೊನೇ ಪ್ರಶ್ನೆ ಮೇಡಂ. ಎಲ್ಲವನ್ನೂ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕಬೇಕು. ಪೆನ್ಸಿಲ್ ಚಿತ್ರ ಪಳಪಳ ಹೊಳೆಯುತ್ತೆ, ಹಾಳೆಯ ಅಂಚೂ ಸೊಟ್ಟ ಬರುತ್ತೆ. ಯಾವ ಕ್ರಮದಲ್ಲಿ ಜೋಡಿಸಲಿ ಅಂತಾನೂ ಹೇಳಿ.

ಉತ್ತರ: ಹೊಳೆಯುವುದು ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್‌ನ ಸ್ವಭಾವ, ಒತ್ತಿ ತುಂಬಿದಷ್ಟೂ ಹೊಳಪು ಜಾಸ್ತಿ. ಫ್ಲ್ಯಾಶ್ ಆರಿಸಿ. ಚಿತ್ರವನ್ನು ಗೋಡೆಗೆ ಅಂಟಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ನೇರ ಬಿಸಿಲು ಬೇಡ. ಬಲ್ಬಿನ ಬೆಳಕು ಬೆರೆತರೆ ಹಾಳೆ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ ಕಾಣುತ್ತದೆ, ಅದನ್ನೂ ಆರಿಸಿಬಿಡಿ. ಫೋನು ಚಿತ್ರದ ನಡುಮಧ್ಯಕ್ಕೆ ನೇರವಾಗಿ, ಹಾಳೆಗೆ ಸಮಾನಾಂತರವಾಗಿರಲಿ. ಹತ್ತಿರ ಹೋಗದೆ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿದರೆ ಅಂಚು ಅಷ್ಟಾಗಿ ಬಾಗುವುದಿಲ್ಲ. ಚಾರ್ಕೋಲ್ ಚಿತ್ರಗಳಿಗೆ ಫೋಟೋ ತೆಗೆದ ಮೇಲೆ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಿರಿ, ಗಾಳಿಯಾಡುವ ಕಡೆ. ಅದು ಬಣ್ಣವನ್ನು ಸ್ವಲ್ಪ ಗಾಢ ಮಾಡುತ್ತದೆ, ಹಾಗಾಗಿ ಮೊದಲು ಒಂದು ಬೇಡದ ಹಾಳೆಯ ಮೇಲೆ ಹೊಡೆದು ನೋಡಿ.

ಕ್ರಮಕ್ಕೆ ಬಂದರೆ, ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲು, ಅದರ ನಂತರದ್ದು ಕೊನೆಗೆ. ನಡುವೆ ಒಂದೇ ವಿಷಯದ ಚಿತ್ರಗಳು ಒಟ್ಟಿಗಿರಲಿ. 15ರವರೆಗೆ ಕಳಿಸಬಹುದು ಎಂದಿದ್ದು ನಿಮ್ಮಲ್ಲಿ ಚೆನ್ನಾಗಿರುವುದು 12 ಮಾತ್ರವಾದರೆ 12ನ್ನೇ ಕಳಿಸಿ, ಸಂಖ್ಯೆ ತುಂಬಿಸಲು ಹಾಕಿದ ಮೂರು ಉಳಿದವನ್ನೂ ಕೆಳಗೆಳೆಯುತ್ತವೆ. 15 ಇರಲೇಬೇಕು ಎಂದು ಬರೆದಿದ್ದರೆ ಮಾತ್ರ ಬೇರೆ ದಾರಿಯಿಲ್ಲ. ಪ್ರತಿ ಚಿತ್ರಕ್ಕೂ ಹೆಸರು, ಮಾಧ್ಯಮ, ಅಳತೆ, ವರ್ಷ ಬರೆಯಿರಿ. ಆ ನಟನಟಿಯರ ಪೋರ್ಟ್ರೇಟ್ ಒಂದನ್ನು ಇಡುವುದಾದರೆ ‘ಫೋಟೋ ನೋಡಿ ಮಾಡಿದ್ದು’ ಎಂದು ಅದರ ಕೆಳಗೂ ಬರೆಯಿರಿ. ಮೊದಲ ನಾಲ್ಕೈದು ಚಾರ್ಕೋಲ್ ಚಿತ್ರ ಆದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.