ಮಾತ್ರೆ ತಂದ ಹಸಿವು: ಅನುಭವವಿದ್ದವರು ಹೇಳಿ

ಹಾಸನದ ಒಬ್ಬ ತಾಯಿ ಕೇಳುತ್ತಾರೆ:
ಮಗನಿಗೆ 24 ವರ್ಷ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಒಲಾಂಜಪಿನ್ ಮಾತ್ರೆ ಆರಂಭಿಸಿ ಐದು ತಿಂಗಳಾಯಿತು. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತಿವೆ, ನಿದ್ದೆಯೂ ಬರುತ್ತಿದೆ. ಆದರೆ ತೂಕ 61ರಿಂದ 74 ಕಿಲೋಗೆ ಏರಿದೆ. ನಡುರಾತ್ರಿ ಎದ್ದು ಅನ್ನದ ಪಾತ್ರೆ ಖಾಲಿ ಮಾಡುತ್ತಾನೆ. ಈಗ ಮಾತ್ರೆಯೇ ಬೇಡ ಎನ್ನುತ್ತಿದ್ದಾನೆ. ಏನು ಮಾಡಲಿ?

ದಾವಣಗೆರೆಯಿಂದ, ತಮ್ಮನನ್ನು ನೋಡಿಕೊಳ್ಳುವ ಅಕ್ಕ:
ಅಮ್ಮಾ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲು ಬಿಡಬೇಡಿ. ನನ್ನ ತಮ್ಮ ಗುಟ್ಟಾಗಿ ಅದನ್ನು ತುಳಸಿ ಕುಂಡದ ಮಣ್ಣಿನಲ್ಲಿ ಹುಗಿಯುತ್ತಿದ್ದ. ಎರಡು ತಿಂಗಳಲ್ಲಿ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಕಾರಣ ಕೇಳಿದರೆ, ನಾವು ಅವನನ್ನು ‘ಡುಮ್ಮ’ ಎಂದು ರೇಗಿಸುತ್ತಿದ್ದೆವಂತೆ. ನಿಜ, ರೇಗಿಸುತ್ತಿದ್ದೆವು.

ನಿಮ್ಮ ಮಗನ ಹಸಿವು ಹೊಟ್ಟೆಬಾಕತನವಲ್ಲ. ಈ ಕಾಯಿಲೆಯ ಮಾತ್ರೆಗಳಲ್ಲಿ ತೂಕ ಏರಿಸುವುದರಲ್ಲಿ ಒಲಾಂಜಪಿನ್, ಕ್ಲೋಜಪಿನ್ ಎರಡೂ ಮುಂದು. ಮಿದುಳಿನಲ್ಲಿ ಹಿಸ್ಟಮಿನ್, ಸಿರೊಟೋನಿನ್ ಎಂಬ ರಾಸಾಯನಿಕಗಳ ಕೆಲಸಕ್ಕೆ ಅವು ಅಡ್ಡ ಬರುವುದರಿಂದ ಉಂಡರೂ ಹೊಟ್ಟೆ ತುಂಬಿದಂತಾಗುವುದಿಲ್ಲ. ಇದನ್ನು ತಿಳಿಯದೆ ನಾವು ಅಡುಗೆಮನೆಗೆ ಬೀಗ ಹಾಕಿ ನೋಡಿದೆವು, ಬಂದದ್ದು ಜಗಳವೊಂದೇ. ಆಮೇಲೆ ಮನೆಯವರೆಲ್ಲರೂ ಬೇಕರಿ ತಿಂಡಿ ತರುವುದನ್ನು ಬಿಟ್ಟೆವು. ರಾತ್ರಿಯ ಹಸಿವಿಗೆಂದೇ ಸೌತೆಕಾಯಿ, ಒಂದು ಹಿಡಿ ಹುರಿಗಡಲೆ, ನೀರು ಮಜ್ಜಿಗೆ ಇಡುತ್ತೇವೆ. ರಾತ್ರಿಗೆ ಅನ್ನ ಮಿಗುವಷ್ಟು ಮಾಡುವುದೇ ಇಲ್ಲ. ಸಂಜೆ ಅವನೊಂದಿಗೆ ನಾನೂ ನಡೆಯುತ್ತೇನೆ. ಒಬ್ಬನೇ ಹೋಗು ಎಂದರೆ ಅವನು ಹೊರಡುವುದಿಲ್ಲ. ಈ ಕಾಯಿಲೆ ಉತ್ಸಾಹವನ್ನೂ ಕಸಿಯುತ್ತದೆ. ವರ್ಷದಲ್ಲಿ ಇಳಿದದ್ದು ಮೂರೇ ಕಿಲೋ. ಆದರೆ ಏರುವುದು ನಿಂತಿದೆ.

ಮೈಸೂರಿನಿಂದ, ಒಂಬತ್ತು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವನು:
ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಆ ಹಸಿವನ್ನು ಸೌತೆಕಾಯಿಯೊಂದೇ ತಣಿಸಲಾರದು. ವೈದ್ಯರ ಬಳಿ ಬಾಯಿ ಬಿಟ್ಟು ಕೇಳಿ. ನನಗೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಸೇರಿಸಿದರು. ಸಕ್ಕರೆ ಕಾಯಿಲೆ ಇಲ್ಲದಿದ್ದರೂ ತೂಕದ ಸಲುವಾಗಿ ಅದನ್ನು ಕೊಡುವುದುಂಟು. ಮೊದಲ ಎರಡು ವಾರ ಹೊಟ್ಟೆ ಕೆಟ್ಟಿತ್ತು, ಊಟದೊಂದಿಗೆ ನುಂಗತೊಡಗಿದ ಮೇಲೆ ಸರಿಹೋಯಿತು. ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದನ್ನೂ ನೋಡಿಸಬೇಕು. ಮುಂದೆ ಕಾಯಿಲೆಯ ಮಾತ್ರೆಯನ್ನೇ ನಿಧಾನವಾಗಿ ಅರಿಪಿಪ್ರಜೋಲ್‌ಗೆ ಬದಲಿಸಿದರು. ಅದರಲ್ಲಿ ತೂಕದ ಕಾಟ ಕಡಿಮೆ. ನನಗೆ ಒಗ್ಗಿತು, ನನ್ನ ಗೆಳೆಯನಿಗೆ ಒಗ್ಗದೆ ಧ್ವನಿಗಳು ಮರಳಿದವು, ಅವನು ಹಳೆಯ ಮಾತ್ರೆಗೇ ಹೋದ.

ಇನ್ನೊಂದು, ಬಾಯಾರಿಕೆಗೆ ನಿಮ್ಮ ಮಗ ಏನು ಕುಡಿಯುತ್ತಾನೆಂದು ಗಮನಿಸಿ. ನಾನು ದಿನಕ್ಕೆ ಎರಡು ಬಾಟಲಿ ತಂಪು ಪಾನೀಯ, ಆರು ಲೋಟ ಸಿಹಿ ಚಹಾ ಕುಡಿಯುತ್ತಿದ್ದೆ. ಅದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿದಿರಲಿಲ್ಲ. ವೈದ್ಯರನ್ನು ನೋಡಲು ಹೋದಾಗ ಮಗನೇ ಮಾತನಾಡಲಿ, ನೀವು ಪಕ್ಕದಲ್ಲಿರಿ.

ಶಿವಮೊಗ್ಗದಿಂದ, ಒಬ್ಬ ನರ್ಸ್:
ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಪರೀಕ್ಷೆ ಮತ್ತು ರಕ್ತದೊತ್ತಡ, ಇವನ್ನು ಮಾತ್ರೆ ಆರಂಭಿಸುವಾಗ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಬೇಕು. ನಿಮ್ಮ ಮಗನಿಗೆ ಮಾಡಿಸಿರದಿದ್ದರೆ ಈ ವಾರವೇ ಮಾಡಿಸಿ. ಟೈಲರ್ ಟೇಪಿನಿಂದ ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಬರೆದಿಡಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಎಚ್ಚರಿಕೆಯ ಗೆರೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಕಂಡರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಅಂದೇ ಸಕ್ಕರೆ ಪರೀಕ್ಷಿಸಿ.